ಮೊದಲ ಏರ್ ರೈಫಲ್: ಕೊಳ್ಳುವ ಮುನ್ನ ಮತ್ತು ಕೊಂಡ ನಂತರ

ತುಮಕೂರು ಜಿಲ್ಲೆಗೆ ಏರ್ ಗನ್ ಹೊಸದೇನಲ್ಲ. ತೆಂಗಿನ ತೋಟವಿರುವ ಎಷ್ಟೋ ಮನೆಗಳಲ್ಲಿ ಕೋತಿಗಳನ್ನು ಬೆದರಿಸಲೆಂದು ತಂದ ಒಂದು ಏರ್ ಗನ್ ಮೂಲೆಯಲ್ಲಿ ಒರಗಿಕೊಂಡಿರುತ್ತದೆ, ಗುರಿ ಶೂಟಿಂಗ್ ಕಲಿಯಬೇಕೆಂದು ಹಟ ಹಿಡಿದ ಮಗನಿಗೋ ಮಗಳಿಗೋ ಮೊದಲು ಕೈಗೆ ಸಿಗುವುದೂ ಅದೇ. ಆದರೆ ಆ ಬಂದೂಕಿಗೂ ಸ್ಪರ್ಧೆಯ ರೈಫಲ್‌ಗೂ ಹೋಲಿಕೆ ಕಡಿಮೆ. ತೋಟದ ಬಂದೂಕನ್ನು ಜೋರಾಗಿ ಹೊಡೆಯಲೆಂದು ಮಾಡಿರುತ್ತಾರೆ; ಸ್ಪರ್ಧೆಯ ರೈಫಲ್ ಮೆಲ್ಲಗೆ ಹೊಡೆಯುತ್ತದೆ, ಆದರೆ ಪ್ರತಿ ಸಲವೂ ಒಂದೇ ರೀತಿ ಹೊಡೆಯುತ್ತದೆ. ಸುಮಾರು ಅರ್ಧ ಗ್ರಾಂ ತೂಕದ ಪೆಲೆಟ್ಟನ್ನು, ಅಂದರೆ ಸೀಸದ ಪುಟ್ಟ ಗುಂಡನ್ನು, ಅದು ಸೆಕೆಂಡಿಗೆ 170 ಮೀಟರ್ ಆಸುಪಾಸಿನ ವೇಗದಲ್ಲಿ ಕಳಿಸುತ್ತದೆ. ಹತ್ತು ಮೀಟರ್ ದೂರದ ಕಾಗದಕ್ಕೆ ಇದಕ್ಕಿಂತ ಹೆಚ್ಚಿನ ಶಕ್ತಿ ಬೇಕಾಗಿಲ್ಲ. ಆದ್ದರಿಂದ ಅಂಗಡಿಯಲ್ಲಿ ‘ಪವರ್ ಎಷ್ಟು’ ಎಂದು ವಿಚಾರಿಸುವುದನ್ನು ಬಿಟ್ಟು ‘ಗ್ರೂಪ್ ಎಷ್ಟು’ ಎಂದು ವಿಚಾರಿಸುವುದು ಸರಿಯಾದ ಆರಂಭ.

ಗ್ರೂಪ್ ಎಂದರೆ ಒಂದೇ ಕಾರ್ಡಿನ ಮೇಲೆ ಹಾರಿಸಿದ ಹತ್ತು ಗುಂಡುಗಳು ಎಷ್ಟು ಜಾಗದೊಳಗೆ ಕೂತಿವೆ ಎಂಬ ಅಳತೆ. ಇದರ ಮಹತ್ವ ತಿಳಿಯಬೇಕಾದರೆ ಟಾರ್ಗೆಟ್ ಕಾರ್ಡನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹತ್ತು ಮೀಟರ್ ಏರ್ ರೈಫಲ್ ಕಾರ್ಡಿನಲ್ಲಿ ಎಲ್ಲ ವೃತ್ತಗಳೂ ಸೇರಿ 45.5 ಮಿಲಿಮೀಟರ್ ಅಗಲವಿರುತ್ತವೆ, ಅದರಲ್ಲಿ ಕಪ್ಪು ಭಾಗ 30.5 ಮಿಲಿಮೀಟರ್, ನಡುವಿನ ಹತ್ತರ ಚುಕ್ಕೆ ಕೇವಲ ಅರ್ಧ ಮಿಲಿಮೀಟರ್. ಪೆಲೆಟ್ಟಿನ ಅಗಲವೇ 4.5 ಮಿಲಿಮೀಟರ್ ಆಗಿರುವುದರಿಂದ, ಅದರ ಅಂಚು ಚುಕ್ಕೆಗೆ ತಾಗಿದರೂ ಹತ್ತು ಅಂಕ ಸಿಗುತ್ತದೆ. ಲೆಕ್ಕ ಹಾಕಿದರೆ, ಪೆಲೆಟ್ಟಿನ ನಡುಭಾಗ ಚುಕ್ಕೆಯ ಕೇಂದ್ರದಿಂದ 2.5 ಮಿಲಿಮೀಟರ್ ಒಳಗೆ ಬಿದ್ದರೆ ಹತ್ತು. ಅಂದರೆ ಮೇಜಿನ ಮೇಲೆ ಮರಳು ಚೀಲದ ಆಸರೆಯಲ್ಲಿ ಇಟ್ಟು ಹಾರಿಸಿದಾಗ ಹತ್ತೂ ತೂತುಗಳು, ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದರೆ, 9.5 ಮಿಲಿಮೀಟರ್ ಒಳಗೆ ಅಡಗಿದರೆ ಆ ರೈಫಲ್‌ಗೆ ಎಲ್ಲ ಹತ್ತುಗಳನ್ನೂ ಹೊಡೆಯುವ ಸಾಮರ್ಥ್ಯವಿದೆ ಎಂದರ್ಥ. ಉಳಿದದ್ದು ಹಿಡಿದವರ ಕೆಲಸ. ಯಾವ ಜಾಹೀರಾತಿಗಿಂತಲೂ, ಯಾವ ಬ್ರ್ಯಾಂಡಿನ ಹೆಸರಿಗಿಂತಲೂ ಈ ಒಂದು ಅಳತೆಯನ್ನು ನಾನು ನಂಬುತ್ತೇನೆ, ಕೊಳ್ಳುವವರೂ ನಂಬಬೇಕೆಂದು ಬಯಸುತ್ತೇನೆ.

ಕಾನೂನಿನ ವಿಷಯ ಸರಳವಾಗಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಕ್ಯಾಲಿಬರ್ (ಅಂದರೆ 4.5 ಮಿಲಿಮೀಟರ್ ಬ್ಯಾರೆಲ್ ಅಗಲ) ಮೀರದ ಮತ್ತು 20 ಜೂಲ್ ಶಕ್ತಿ ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಸ್ಪರ್ಧೆಯ ರೈಫಲ್‌ಗಳ ಶಕ್ತಿ ಎಂಟು ಜೂಲ್ ಸಮೀಪವೇ ಇರುತ್ತದೆ. ಆದರೂ ಗುರುತಿನ ಚೀಟಿಯ ಪ್ರತಿ ಕೊಟ್ಟು, ಸೀರಿಯಲ್ ನಂಬರ್ ನಮೂದಿಸಿದ ಬಿಲ್ ಪಡೆದೇ ಕೊಳ್ಳಬೇಕು. ಬೆಂಗಳೂರಿಗೆ ಬಸ್ಸಿನಲ್ಲೋ ರೈಲಿನಲ್ಲೋ ಒಯ್ಯುವಾಗ ರೈಫಲ್ ಪೆಟ್ಟಿಗೆಯೊಳಗಿರಲಿ, ಬಿಲ್ಲಿನ ಪ್ರತಿ ಜೊತೆಗಿರಲಿ. ಹಕ್ಕಿ, ಅಳಿಲು, ಕೋತಿಗಳ ಮೇಲೆ ಹಾರಿಸುವ ಮಾತನ್ನಂತೂ ಮನೆಯಲ್ಲಿ ಯಾರೂ ಎತ್ತದಿರಲಿ. ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯಲ್ಲಿ ಕೃಷ್ಣಮೃಗಗಳಿಗೆಂದೇ ಮೀಸಲು ಪ್ರದೇಶ ಉಳಿಸಿಕೊಂಡಿರುವ ಜಿಲ್ಲೆ ನಮ್ಮದು.

ಇನ್ನು ರೈಫಲ್‌ಗಳ ಬಗೆ. ಬ್ಯಾರೆಲ್ ಮಡಚಿ ಸ್ಪ್ರಿಂಗ್ ಎಳೆಯುವ ರೈಫಲ್ ಅಗ್ಗ, ಗಾಳಿ ತುಂಬುವ ತಾಪತ್ರಯವಿಲ್ಲ. ಆದರೆ ಟ್ರಿಗರ್ ಎಳೆದೊಡನೆ ಒಳಗಿನ ಭಾರವಾದ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ರೈಫಲ್ ಮೊದಲು ಹಿಂದಕ್ಕೂ ನಂತರ ಮುಂದಕ್ಕೂ ಅದುರುತ್ತದೆ, ಪೆಲೆಟ್ ಬ್ಯಾರೆಲ್ ಬಿಡುವ ಮೊದಲೇ ಈ ಅದುರು ಶುರುವಾಗಿರುತ್ತದೆ. ಆದ್ದರಿಂದ ಹಿಡಿತ ತುಸು ಬಿಗಿಯಾದರೂ ಗುಂಡು ಬೀಳುವ ಜಾಗ ಬದಲಾಗುತ್ತದೆ. ಕಲಿಯುವವರಿಗೆ ತಪ್ಪು ತಮ್ಮದೋ ರೈಫಲ್‌ದೋ ಎಂಬುದು ತಿಳಿಯುವುದೇ ಇಲ್ಲ, ಇದೇ ಅದರ ದೊಡ್ಡ ಕೊರತೆ. ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿಟ್ಟ ಪಿಸಿಪಿ ರೈಫಲ್‌ನಲ್ಲಿ ಅದುರು ಇಲ್ಲವೆನ್ನುವಷ್ಟು ಕಡಿಮೆ. ವಾಲ್ಥರ್, ಫೈನ್‌ವೆರ್ಕ್‌ಬೌ, ಆನ್‌ಶುಟ್ಜ್, ಸ್ಟೈಯರ್ ಮುಂತಾದ ವಿದೇಶಿ ಸ್ಪರ್ಧೆಯ ರೈಫಲ್‌ಗಳೆಲ್ಲ ಈಗ ಈ ಬಗೆಯವೇ, ಬೆಲೆ ಲಕ್ಷಗಳಲ್ಲಿ. ಪ್ರೆಸಿಹೋಲ್‌ನಂತಹ ದೇಶೀಯ ತಯಾರಕರ ಪಿಸಿಪಿ ರೈಫಲ್‌ಗಳು ಅದಕ್ಕಿಂತ ಬಹಳ ಕಡಿಮೆ ಬೆಲೆಗೆ ದೊರೆಯುತ್ತವೆ. ಸ್ಪರ್ಧೆಯ ಗುರಿಯಿದ್ದರೆ ಹೊಸ ಸ್ಪ್ರಿಂಗ್ ರೈಫಲ್‌ಗಿಂತ ದೇಶೀಯ ಪಿಸಿಪಿಯಾಗಲಿ, ಪರೀಕ್ಷಿಸಿದ ಹಳೆಯ ವಿದೇಶಿ ಪಿಸಿಪಿಯಾಗಲಿ ಉತ್ತಮ ಎಂಬುದು ನನ್ನ ಅಭಿಪ್ರಾಯ. ಶಾಲಾ ಕ್ರೀಡಾಕೂಟಗಳಲ್ಲಿ ಓಪನ್ ಸೈಟ್ (ತೆರೆದ ಕಚ್ಚಿನಲ್ಲಿ ಗುರಿ ನೋಡುವುದು) ಮತ್ತು ಪೀಪ್ ಸೈಟ್ (ಸಣ್ಣ ತೂತಿನ ಮೂಲಕ ಗುರಿ ನೋಡುವುದು) ಎಂಬ ಬೇರೆ ಬೇರೆ ವಿಭಾಗಗಳಿರುವುದರಿಂದ, ಮಕ್ಕಳು ಯಾವುದರಲ್ಲಿ ಭಾಗವಹಿಸುತ್ತಾರೆಂದು ತರಬೇತುದಾರರನ್ನು ಕೇಳಿ ನಿರ್ಧರಿಸಬೇಕು.

ಕೊಳ್ಳುವ ಮೊದಲು ಶೂಟಿಂಗ್ ರೇಂಜಿನಲ್ಲಿ ಕೆಲವು ವಾರ ಅಲ್ಲಿಯ ರೈಫಲ್‌ಗಳಿಂದಲೇ ಹಾರಿಸಿ ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ತುಮಕೂರಿನಿಂದ ಬೆಂಗಳೂರು ಎಪ್ಪತ್ತು ಕಿಲೋಮೀಟರ್. ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯಾಗಲಿ ಖಾಸಗಿ ಅಕಾಡೆಮಿಗಳಾಗಲಿ ಭಾನುವಾರದ ಪ್ರಯಾಣಕ್ಕೆ ದೂರವೇನಲ್ಲ. ಅಲ್ಲಿ ಗಮನಿಸಬೇಕಾದದ್ದು ರೈಫಲ್ ಮೈಗೆ ಹೊಂದುತ್ತದೆಯೇ ಎಂಬುದು. ಮೊದಲು ಯಾವ ಕಣ್ಣು ಪ್ರಧಾನವೆಂದು ತಿಳಿಯಿರಿ: ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಬಿಟ್ಟು ದೂರದ ಗಡಿಯಾರವನ್ನು ನೋಡಿ, ಒಂದೊಂದೇ ಕಣ್ಣು ಮುಚ್ಚಿದಾಗ ಯಾವ ಕಣ್ಣಿಗೆ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದೇ ಪ್ರಧಾನ ಕಣ್ಣು. ನಂತರ ಕಣ್ಣು ಮುಚ್ಚಿಕೊಂಡು ರೈಫಲ್ಲನ್ನು ಭುಜಕ್ಕೆ ಏರಿಸಿ, ಕೆನ್ನೆಯನ್ನು ಚೀಕ್ ಪೀಸ್ ಮೇಲೆ ಸಲೀಸಾಗಿ ಇಟ್ಟು ಕಣ್ಣು ತೆರೆಯಿರಿ. ಪೀಪ್ ಸೈಟಿನ ತೂತು ಎದುರಿಗೇ ಇದ್ದರೆ ಹೊಂದಿಕೆ ಸರಿ. ಕತ್ತು ಬಾಗಿಸಿಯೋ ಚಾಚಿಯೋ ಹುಡುಕಬೇಕಾದರೆ ಚೀಕ್ ಪೀಸ್ ಮತ್ತು ಭುಜಕ್ಕೆ ಒರಗುವ ಬಟ್ ಪ್ಲೇಟನ್ನು ಸರಿಸಬೇಕು, ಸರಿಸಲು ಅವಕಾಶವೇ ಇಲ್ಲದ ರೈಫಲ್ ಕೊಳ್ಳಬಾರದು. ತೂಕದ ಗರಿಷ್ಠ ಮಿತಿ 5.5 ಕಿಲೋ; ಹನ್ನೆರಡು ವರ್ಷದ ಹುಡುಗಿಗೆ ಅಷ್ಟು ಭಾರ ಹೊರಿಸಿದರೆ ಸೊಂಟ ವಾಲಿಸಿ ಬೆನ್ನು ಬಾಗಿಸುವ ಕೆಟ್ಟ ಅಭ್ಯಾಸ ಬೀಳುತ್ತದೆ. ಅವಳಿಗೆ ನಾಲ್ಕು ಕಿಲೋ ಒಳಗಿನದು ಸಾಕು, ಭಾರವನ್ನು ಮುಂದೆ ಸ್ವಲ್ಪಸ್ವಲ್ಪವಾಗಿ ಸೇರಿಸಬಹುದು.

ಹಳೆಯ ಪಿಸಿಪಿ ಕೊಳ್ಳುವವರು ಸಿಲಿಂಡರಿನ ಮೇಲೆ ಅಚ್ಚಾಗಿರುವ ತಾರೀಕನ್ನು ಮೊದಲು ಓದಬೇಕು. ಅದರ ಬಳಕೆಯ ಅವಧಿ ಸಾಮಾನ್ಯವಾಗಿ ತಯಾರಾದ ದಿನದಿಂದ ಹತ್ತು ವರ್ಷ; ಅವಧಿ ಮುಗಿದ ಸಿಲಿಂಡರನ್ನು ಸ್ಪರ್ಧೆಯಲ್ಲಿ ಒಪ್ಪುವುದಿಲ್ಲ, ಹೊಸದಕ್ಕೆ ದೊಡ್ಡ ಮೊತ್ತವೇ ಬೇಕು. ಗಾಳಿ ತುಂಬಿಸಿ ಮೀಟರಿನ ಮುಳ್ಳು ಎಲ್ಲಿದೆಯೆಂದು ಗುರುತು ಹಾಕಿಕೊಂಡು ಮರುದಿನ ಬೆಳಿಗ್ಗೆ ನೋಡಿ. ಇಳಿದಿದ್ದರೆ ಸೀಲು ಸೋರುತ್ತಿದೆ. ಆಮೇಲೆ ಮರಳು ಚೀಲದ ಮೇಲಿಟ್ಟು ಗ್ರೂಪ್ ತೆಗೆಯಿರಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಬಿಟ್ಟು ಬನ್ನಿ.

ಗಾಳಿ ತುಂಬಿಸುವ ವಿಷಯದಲ್ಲಿ ಎಚ್ಚರ ಬೇಕು. ಈ ಸಿಲಿಂಡರುಗಳಿಗೆ ಸಾಮಾನ್ಯವಾಗಿ 200 ಬಾರ್ ಒತ್ತಡ ಬೇಕು, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಕೊಡುವುದು ಅದರ ಇಪ್ಪತ್ತನೇ ಒಂದು ಭಾಗದಷ್ಟು. ಪಿಸಿಪಿಗೆಂದೇ ಮಾಡಿದ ಕೈಪಂಪ್ ಅಥವಾ ಸ್ಕೂಬಾ ಸಿಲಿಂಡರ್ ಬಳಸಬೇಕು. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ನನ್ನು ಎಂದಿಗೂ ತುಂಬಿಸಬಾರದು. ಒಳಗಿನ ಗ್ರೀಸ್ ಜೊತೆ ಸೇರಿ ಅದು ಸ್ಫೋಟಿಸಬಲ್ಲದು.

ರೈಫಲ್ ಮನೆಗೆ ಬಂದ ಮೇಲೆ ಸುಧಾರಣೆಯ ಮೊದಲ ಹಣ ಪೆಲೆಟ್ಟಿಗೆ ಹೋಗಬೇಕು. ಮೂತಿ ಚಪ್ಪಟೆಯಾಗಿರುವ ಮ್ಯಾಚ್ ಪೆಲೆಟ್ ಮಾತ್ರ ಕಾರ್ಡಿನಲ್ಲಿ ಅಂಚು ಹರಿಯದ ದುಂಡು ತೂತು ಮಾಡುತ್ತದೆ. ಒಂದೇ ಕಂಪನಿಯ ಪೆಲೆಟ್ 4.49, 4.50, 4.51 ಎಂಬ ಬೇರೆ ಬೇರೆ ಅಳತೆಗಳಲ್ಲಿ ಬರುತ್ತದೆ, ನಿಮ್ಮ ಬ್ಯಾರೆಲ್‌ಗೆ ಯಾವುದು ಒಗ್ಗುತ್ತದೆಂಬುದು ಗ್ರೂಪ್ ತೆಗೆದಾಗಲೇ ತಿಳಿಯುವುದು. ಗಾಜಿನ ಹಲಗೆಯನ್ನು ತುಸು ಓರೆಯಾಗಿ ಇಟ್ಟು ಪೆಲೆಟ್ಟುಗಳನ್ನು ಒಂದೊಂದಾಗಿ ಉರುಳಿಸಿ ನೋಡಿ: ಒಳ್ಳೆಯದು ಒಂದೇ ಸಮನೆ ಉರುಳುತ್ತದೆ, ಹಿಂಬದಿಯ ಅಂಚು ನಜ್ಜಾಗಿರುವುದು ಕುಂಟುತ್ತದೆ. ಕುಂಟುವುದನ್ನು ಸ್ಪರ್ಧೆಗೆ ಇಡಬೇಡಿ. ಸ್ಪರ್ಧೆಯಲ್ಲಿ ಅರವತ್ತು ಗುಂಡು, ಅದಕ್ಕೆ ಮೊದಲು ಗುರಿ ಸರಿಪಡಿಸಿಕೊಳ್ಳಲು ಇನ್ನಷ್ಟು. ಆ ಲೆಕ್ಕದಲ್ಲಿ 500ರ ಡಬ್ಬಿ ಆರು ಪೂರ್ಣ ಅಭ್ಯಾಸಕ್ಕೆ ಬರುತ್ತದೆ. ಪೆಲೆಟ್ ಸೀಸದ್ದಾದ್ದರಿಂದ ಸೋಪು ಹಾಕಿ ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಎರಡನೆಯದು ಸೈಟ್. ಮುಂದಿನ ಸೈಟಿನ ಉಂಗುರ ಚಿಕ್ಕದಾದಷ್ಟೂ ಗುರಿ ನಿಖರವೆಂದು ಕಲಿಯುವವರು ಭಾವಿಸುತ್ತಾರೆ, ವಾಸ್ತವ ಹಾಗಿಲ್ಲ. ಕಪ್ಪು ವೃತ್ತದ ಸುತ್ತ ಬಿಳಿಯ ಬಳೆ ಸ್ಪಷ್ಟವಾಗಿ ಕಾಣುವಷ್ಟು ದೊಡ್ಡ ಉಂಗುರವಿದ್ದರೆ ಕಣ್ಣು ಹೆಣಗದೆ ಅದನ್ನು ಸಮಮಾಡುತ್ತದೆ, ಟ್ರಿಗರ್ ಬೆರಳೂ ಹೆದರುವುದಿಲ್ಲ. ಮೂರನೆಯದು ಜಾಕೆಟ್ ಮತ್ತು ಬೂಟು, ಇವನ್ನು ಮೊದಲ ವರ್ಷ ಎರವಲು ಪಡೆದರೂ ನಡೆಯುತ್ತದೆ, ಅದರಲ್ಲೂ ಬೆಳೆಯುವ ಮಕ್ಕಳಿಗೆ. ಸ್ಪ್ರಿಂಗ್ ರೈಫಲ್‌ನ ಟ್ರಿಗರ್ ಹಗುರಾಗಲೆಂದು ಒಳಗಿನ ಕೊಂಡಿಯನ್ನು ಅರದಿಂದ ಉಜ್ಜುವುದು ಬೇಡವೇ ಬೇಡ. ತಾಗಿದರೆ ಸಾಕು ಹಾರುವ ಬಂದೂಕು ಯಾರ ಕೈಯಲ್ಲೂ ಇರಬಾರದು. ಹೊಸ ರೈಫಲ್ ಯಾವಾಗ ಎಂಬ ಪ್ರಶ್ನೆಗೂ ಗ್ರೂಪೇ ಉತ್ತರ ಕೊಡುತ್ತದೆ. ಒಗ್ಗುವ ಪೆಲೆಟ್ ಹಾಕಿಯೂ ಆಸರೆಯ ಮೇಲಿನ ಗ್ರೂಪ್ 9.5 ಮಿಲಿಮೀಟರ್ ಮೀರಿದರೆ, ನಿಂತು ಹೊಡೆಯುವ ನಿಮ್ಮ ಗ್ರೂಪ್ ಅದರ ಸಮೀಪಕ್ಕೆ ಬಂದಿದ್ದರೆ, ಆಗ ರೈಫಲ್ ನಿಮ್ಮನ್ನು ತಡೆಯುತ್ತಿದೆ. ಅಲ್ಲಿಯವರೆಗೆ ಲಕ್ಷಗಟ್ಟಲೆ ಸುರಿದರೂ ಅಂಕ ಹೆಚ್ಚುವುದಿಲ್ಲ.

ಮನೆಯಲ್ಲಿ ಅಭ್ಯಾಸಕ್ಕೆ ಜಾಗ ಹುಡುಕುವುದು ಪಟ್ಟಣದವರಿಗೆ ಕಷ್ಟ. ಹತ್ತು ಮೀಟರ್ ಎಂದರೆ ಮೂವತ್ತಮೂರು ಅಡಿ, ನಿಲ್ಲುವ ಜಾಗ ಮತ್ತು ಪೆಲೆಟ್ ತಡೆಯುವ ಪೆಟ್ಟಿಗೆ ಸೇರಿದರೆ ಮೂವತ್ತು–ನಲವತ್ತು ಅಡಿಯ ಮನೆ ನಿವೇಶನದ ಉದ್ದವೆಲ್ಲ ಮುಗಿಯುತ್ತದೆ. ತಿಪಟೂರಿನ ಕಡೆ ಕೊಬ್ಬರಿ ಗೋದಾಮು ಇರುವವರಿಗೆ ಆ ಚಿಂತೆಯಿಲ್ಲ. ಟೆರೇಸಿನ ಮೇಲಾದರೆ ಹಿಂದೆ ಪೂರ್ತಿ ಎತ್ತರದ ಗೋಡೆ ಇರಲೇಬೇಕು, ಮೆಟ್ಟಿಲ ಬಾಗಿಲಿಗೆ ಚಿಲಕ ಹಾಕಿರಲೇಬೇಕು. ಕಾರ್ಡಿನ ನಡುಭಾಗ ನೆಲದಿಂದ 1.4 ಮೀಟರ್ ಎತ್ತರದಲ್ಲಿರಲಿ.

ಎಣ್ಣೆಯ ಬಗ್ಗೆ ನಮ್ಮ ಜಿಲ್ಲೆಯವರಿಗೆ ವಿಶೇಷವಾಗಿ ಹೇಳಬೇಕು. ಮನೆಯಲ್ಲಿ ಧಾರಾಳವಾಗಿದೆಯೆಂದು ಕೊಬ್ಬರಿ ಎಣ್ಣೆಯನ್ನು ರೈಫಲ್‌ಗೆ ಬಿಡಬೇಡಿ. 24 ಡಿಗ್ರಿಗಿಂತ ತಣ್ಣಗಾದರೆ ಅದು ಗಟ್ಟಿಯಾಗುತ್ತದೆ, ಧನುರ್ಮಾಸದ ಬೆಳಗಿನಲ್ಲಿ ಪೆಲೆಟ್ ಹಾಕಲು ಎಳೆಯುವ ಬೋಲ್ಟ್ ಅಂಟಿಕೊಳ್ಳುತ್ತದೆ; ಸ್ಪ್ರಿಂಗ್ ರೈಫಲ್‌ನ ಪಿಸ್ಟನ್ ಕೋಣೆಗೆ ಇಳಿದರೆ ಒತ್ತಡದ ಬಿಸಿಗೆ ಹತ್ತಿಕೊಂಡು ಹೊಗೆ ಬರುತ್ತದೆ, ಸೀಲು ಸುಡುತ್ತದೆ. ಪಿಸಿಪಿಯ ರಬ್ಬರ್ ಉಂಗುರಗಳಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿದರೆ ಸಾಕು. ಶಿರಾ, ಪಾವಗಡದ ಧೂಳಿನ ದಿನಗಳಲ್ಲಿ ಗಾಳಿ ತುಂಬುವ ಮೊದಲು ಸಿಲಿಂಡರಿನ ಬಾಯಿಯನ್ನು ಒಣ ಬಟ್ಟೆಯಿಂದ ಒರೆಸಿ, ತುಂಬಿದ ಮೇಲೆ ಮುಚ್ಚಳ ಹಾಕಿಡಿ.