ಫಿಟ್ಸ್ ಇರೋ ಮಗುಗೆ ಮನೇಲಿ ದಿನಾ ಸಿರಪ್ ಕೊಡೋದು ಹೇಗೆ

ಫಿಟ್ಸ್ ಔಷಧಿ ಅಂದ್ರೆ ಜ್ವರದ ಸಿರಪ್ ಥರ ಮೂರು ದಿನ ಕೊಟ್ಟು ನಿಲ್ಲಿಸೋದಲ್ಲ, ಸಾಮಾನ್ಯವಾಗಿ ಫಿಟ್ಸ್ ಬರದೇ ಎರಡು ವರ್ಷ ಆಗೋವರೆಗಾದ್ರೂ ಕೊಡ್ಬೇಕಾಗುತ್ತೆ, ಹಬ್ಬ ಇರಲಿ ಮದುವೆ ಇರಲಿ. ಹಾಗಾಗಿ ಅಳತೆ ಮತ್ತೆ ಟೈಮು, ಇವೆರಡನ್ನ ಶುರುವಲ್ಲೇ ಸರಿಯಾಗಿ ಕೂರಿಸ್ಕೊಳ್ಳಿ.

ಮೊದಲು ಡಾಕ್ಟ್ರ ಚೀಟಿ ನೋಡಿ. ಮಿಲಿಗ್ರಾಂ ಮಾತ್ರ ಬರೆದಿದ್ರೆ ಎಷ್ಟು ಎಂಎಲ್ ಅಂತ ಅಲ್ಲೇ ಕೇಳಿ ಬರೆಸ್ಕೊಳ್ಳಿ. ಯಾಕಂದ್ರೆ ಒಂದೇ ಔಷಧಿ ಬೇರೆ ಬೇರೆ ಸ್ಟ್ರೆಂಗ್ತಲ್ಲಿ ಬರುತ್ತೆ. ಉದಾಹರಣೆಗೆ ಫೆನಿಟಾಯಿನ್ ಅನ್ನೋ ಫಿಟ್ಸ್ ಸಿರಪ್ಪಲ್ಲಿ 5 ಎಂಎಲ್‌ಗೆ 30 ಮಿಲಿಗ್ರಾಂ ಇರೋದೂ ಇದೆ 125 ಇರೋದೂ ಇದೆ, ಅಂದ್ರೆ ನಾಲ್ಕು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಮೆಡಿಕಲ್ ಶಾಪಲ್ಲಿ "ಅದಿಲ್ಲ, ಇದೂ ಅದೇ" ಅಂತ ಬೇರೆ ಕಂಪನಿದು ಕೊಟ್ರೆ ಹಳೇ ಬಾಟ್ಲು ಪಕ್ಕ ಇಟ್ಟು ಲೇಬಲ್ ಓದಿ, ಏನಾದ್ರೂ ಬೇರೆ ಕಂಡ್ರೆ ಡಾಕ್ಟ್ರಿಗೆ ಫೋನ್ ಮಾಡೋವರೆಗೂ ಕೊಡ್ಬೇಡಿ.

ಅಳೆಯೋಕೆ ಅಡುಗೆಮನೆ ಚಮಚ ಬೇಡವೇ ಬೇಡ, ಒಂದೊಂದು ಮನೇಲಿ ಒಂದೊಂದು ಸೈಜು. ಸೂಜಿ ಇಲ್ಲದ, ಬಾಯಿಗೆ ಹಾಕೋ ಸಿರಿಂಜ್ ಅಂತಲೇ ಕೇಳಿ ತಗೊಳ್ಳಿ. ಬಾಟ್ಲು ಚೆನ್ನಾಗಿ ಕುಲುಕಿ, ಫೆನಿಟಾಯಿನ್ ಅಂತೂ ತಳಕ್ಕೆ ಕೂರುತ್ತೆ, ಕುಲುಕದೇ ಕೊಟ್ರೆ ಮೇಲಿಂದು ತೆಳ್ಳಗೆ ಹೋಗಿ ಕೊನೇ ಡೋಸು ಮಂದ ಆಗುತ್ತೆ. ಸಿರಿಂಜ್‌ಗೆ ಎಳೆದ್ಮೇಲೆ ನೆಟ್ಟಗೆ ಹಿಡಿದು ಬೆರಳಲ್ಲಿ ತಟ್ಟಿ ಗಾಳಿ ಗುಳ್ಳೆ ಹೊರಗೆ ಹಾಕಿ, ಕಣ್ಣಿನ ಮಟ್ಟಕ್ಕೆ ತಂದು ನೋಡಿ. ಒಂದು ಉದಾಹರಣೆ, 5 ಎಂಎಲ್‌ಗೆ 200 ಮಿಲಿಗ್ರಾಂ ಇರೋ ವಾಲ್ಪ್ರೊಯೇಟ್ ಅನ್ನೋ ಫಿಟ್ಸ್ ಸಿರಪ್ಪಲ್ಲಿ 150 ಮಿಲಿಗ್ರಾಂ ಅಂದ್ರೆ 3.75 ಎಂಎಲ್, ಇದನ್ನ ಚಮಚದಲ್ಲಿ ಹೇಗೆ ಅಳೀತೀರಿ ಹೇಳಿ?

ಕೊಡುವಾಗ ಮಗುನ ಕೂರಿಸ್ಕೊಳ್ಳಿ, ಮಲಗಿಸಿ ಮೂಗು ಹಿಡಿದು ಹುಯ್ಯೋದು ಬೇಡ, ಶ್ವಾಸಕೋಶಕ್ಕೆ ಹೋದ್ರೆ ಕಷ್ಟ. ಕೆನ್ನೆ ಒಳಗೆ ಸಿರಿಂಜ್ ಇಟ್ಟು ಸ್ವಲ್ಪ ಸ್ವಲ್ಪ ಬಿಡಿ, ನುಂಗಿದ್ಮೇಲೆ ಮುಂದಿಂದು. ಪೂರ್ತಿ ಲೋಟ ಹಾಲಿಗೆ ಬೆರೆಸಿದ್ರೆ ಅರ್ಧ ಕುಡಿದು ಬಿಟ್ರೆ ಡೋಸು ಎಷ್ಟು ಹೋಯ್ತು ಅಂತ ಗೊತ್ತಾಗಲ್ಲ. ಮಾತ್ರೆ ಆದ್ರೆ ಹೆಸರಿನ ಮುಂದೆ ಸಿಆರ್, ಇಆರ್, ಕ್ರೋನೋ ಅಂತ ಇದ್ಯಾ ನೋಡಿ, ಅವು ಔಷಧಿನ ನಿಧಾನಕ್ಕೆ ಬಿಡೋ ಮಾತ್ರೆಗಳು, ಅವನ್ನ ಪುಡಿ ಮಾಡ್ಬಾರ್ದು.

ಅಮ್ಮನೂ ಕೊಟ್ಟು ಅಜ್ಜಿನೂ ಕೊಡೋದು ತುಂಬಾ ಮನೇಲಿ ಆಗುತ್ತೆ, ಅದಕ್ಕೆ ಫ್ರಿಜ್ ಮೇಲೆ ಕ್ಯಾಲೆಂಡರ್ ಅಂಟಿಸಿ ಕೊಟ್ಟ ತಕ್ಷಣ ಟಿಕ್ ಹಾಕಿ. ಮರೆತು ಹೋದ್ರೆ ನೆನಪಾದ ತಕ್ಷಣ ಕೊಡಿ, ಆದ್ರೆ ಮುಂದಿನ ಡೋಸಿನ ಟೈಮ್ ಹತ್ರ ಬಂದಿದ್ರೆ ಬಿಟ್ಬಿಡಿ, ಎರಡು ಡೋಸು ಸೇರಿಸಿ ಕೊಡ್ಬೇಡಿ. ಕೊಟ್ಟ ಕೂಡ್ಲೇ ವಾಂತಿ ಆದ್ರೆ ಏನ್ಮಾಡ್ಬೇಕು ಅಂತ ಡಾಕ್ಟ್ರ ಹತ್ರ ಮೊದಲೇ ಕೇಳಿಟ್ಕೊಳ್ಳಿ.

ಆರು ತಿಂಗಳಿಂದ ಬಂದಿಲ್ಲ ಅಂತಲೋ, ನೆಂಟರು ನಾಟಿ ಔಷಧಿ ಹೇಳಿದ್ರು ಅಂತಲೋ ದಯವಿಟ್ಟು ನೀವಾಗೇ ನಿಲ್ಲಿಸ್ಬೇಡಿ. ಹಠಾತ್ ನಿಲ್ಲಿಸಿದ್ರೆ ಬಿಡದೇ ಫಿಟ್ಸ್ ಬರೋ ಅಪಾಯ ಇದೆ, ಮಗು ಪ್ರಾಣಕ್ಕೇ ಬರಬಹುದು. ಶೀತ ಕೆಮ್ಮಿಗೆ ಬೇರೆ ಡಾಕ್ಟ್ರ ಹತ್ರ ಹೋದ್ರೂ ಫಿಟ್ಸ್ ಔಷಧಿ ಹೆಸರು ಹೇಳಿ, ಕಾರ್ಬಮಜೆಪಿನ್ ಅನ್ನೋ ಫಿಟ್ಸ್ ಔಷಧಿ ತಗೊಳ್ಳೋ ಮಗುಗೆ ಎರಿಥ್ರೋಮೈಸಿನ್ ಅನ್ನೋ ಆಂಟಿಬಯೋಟಿಕ್ ಕೊಟ್ರೆ ರಕ್ತದಲ್ಲಿ ಕಾರ್ಬಮಜೆಪಿನ್ ಪ್ರಮಾಣ ಏರಿ ಮಗು ತೂಗಾಡಬಹುದು. ಮೈಮೇಲೆ ಗುಳ್ಳೆ, ಕಣ್ಣು ಹಳದಿ, ನಿಲ್ಲದ ವಾಂತಿ, ತುಂಬಾ ಮಂಪರು, ಇವು ಕಂಡ್ರೆ ಅವತ್ತೇ ಡಾಕ್ಟ್ರಿಗೆ ತೋರಿಸಿ. ತೂಕ ಜಾಸ್ತಿ ಆದಂಗೆ ಡೋಸು ಬದಲಾಗುತ್ತೆ, ಪ್ರತಿ ಸಲ ಹೋದಾಗ ತೂಕ ಮಾಡಿಸಿ.

ಫಿಟ್ಸ್ ಬಂದಿರೋವಾಗ ಬಾಯಿಗೆ ಏನೂ ಹಾಕ್ಬೇಡಿ, ಸಿರಪ್ಪೂ ಬೇಡ ನೀರೂ ಬೇಡ, ಕೈಗೆ ಕಬ್ಬಿಣ ಕೊಡೋದ್ರಿಂದ ಏನೂ ಆಗಲ್ಲ. ಒಂದು ಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡಿ. ಡಾಕ್ಟ್ರು ಫಿಟ್ಸ್ ನಿಲ್ಲಿಸೋ ಮಿಡಜೋಲಾಂ ಮೂಗಿನ ಸ್ಪ್ರೇ ಬರೆದುಕೊಟ್ಟಿದ್ರೆ ಅವರು ಹೇಳಿದಷ್ಟೇ ಹೊಡೀರಿ, 5 ನಿಮಿಷ ಆದ್ರೂ ನಿಲ್ಲದಿದ್ರೆ 108ಕ್ಕೆ ಫೋನ್ ಮಾಡಿ, ಹೊರಡುವಾಗ ಔಷಧಿ ಬಾಟ್ಲು ಚೀಟಿ ಎರಡೂ ಕೈಲಿರಲಿ.