ಟೀನ್ಸಿ 4.1 ಮೇಲೆ ಕಟ್ಟಿದ ಸಿಎನ್‌ಸಿ ಕಂಟ್ರೋಲರ್: ಝಡ್ ಜಾರುವುದು ನಿಂತದ್ದು ಹೇಗೆ (ನನ್ನ ಅನುಭವ)

ವಿಎಫ್‌ಡಿ (ಸ್ಪಿಂಡಲ್ ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್) ಇರುವ ಪ್ಯಾನೆಲ್ ಒಳಗೆ ಟೀನ್ಸಿಯಂಥ ಚಿಕ್ಕ ಮೈಕ್ರೋಕಂಟ್ರೋಲರ್ ಬೋರ್ಡ್ ನಿಲ್ಲುವುದಿಲ್ಲ, ಸುಮ್ಮನೆ ರೆಡಿಮೇಡ್ ಈಥರ್ನೆಟ್ ಕಾರ್ಡ್ ಹಾಕಿ ಎಂದವರೇ ಹೆಚ್ಚು. ನಿಂತಿದೆ. 2.2 ಕಿಲೋವ್ಯಾಟ್ ಸ್ಪಿಂಡಲ್ 24000 ಆರ್‌ಪಿಎಂನಲ್ಲಿ ಓಡುತ್ತಿರುವಾಗಲೇ ಗಂಟೆಗಟ್ಟಲೆ ರಿಲೀಫ್ ಕೆತ್ತನೆ ಮುಗಿಸಿ ಝಡ್ (ಮೇಲೆ ಕೆಳಗೆ ಚಲಿಸುವ ಅಕ್ಷ) ಸೊನ್ನೆಗೆ ಮರಳಿದರೆ ಡಯಲ್ ಗೇಜಿನ ಮುಳ್ಳು ಒಂದು ಗೆರೆಯ ಆಚೆ ಹೋಗುವುದಿಲ್ಲ. ಒಂದು ಗೆರೆ ಅಂದರೆ 0.01 ಮಿಮೀ.

ಮಷೀನ್ ಸಾಮಾನ್ಯದ್ದೇ: ಗ್ಯಾಂಟ್ರಿ ರೂಟರ್, ವೈ ಅಕ್ಷಕ್ಕೆ ಎರಡು ಸ್ಕ್ರೂ, ನಾಲ್ಕು ನೆಮಾ 23 ಸ್ಟೆಪ್ಪರ್ ಮೋಟಾರ್, ಅವನ್ನು ಓಡಿಸುವ ನಾಲ್ಕು ಡಿಎಂ542 ಡ್ರೈವ್, ಸುತ್ತಿಗೆ 5 ಮಿಮೀ ಸಾಗುವ 1605 ಬಾಲ್‌ಸ್ಕ್ರೂ. 8 ಮೈಕ್ರೋಸ್ಟೆಪ್‌ನಲ್ಲಿ ಸುತ್ತಿಗೆ 1600 ಪಲ್ಸ್, ಅಂದರೆ ಮಿಮೀಗೆ 320. ಸಪ್ಲೈ 36 ವೋಲ್ಟ್. ಡ್ರೈವ್ ಗರಿಷ್ಠ 50 ವೋಲ್ಟ್ ತಾಳುತ್ತದೆ ಎಂದು 48 ಕೊಡಬೇಡಿ. ಗ್ಯಾಂಟ್ರಿ ಬ್ರೇಕ್ ಹಾಕಿದಾಗ ಮೋಟಾರ್ ಜನರೇಟರ್ ಆಗಿ ವೋಲ್ಟೇಜನ್ನು ಮೇಲಕ್ಕೆ ತಳ್ಳುತ್ತದೆ, ಆಗ ಮಿತಿ ದಾಟುತ್ತದೆ.

ದುಡ್ಡಿನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಬೋರ್ಡ್, ಈಥರ್ನೆಟ್ ಜಾಕ್, ಐಸಿಗಳು, ಆಪ್ಟೋಗಳು (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಐಸೊಲೇಟರ್), ಐಸೊಲೇಟೆಡ್ ಸಪ್ಲೈ ಎಲ್ಲ ಸೇರಿ ಆ ರೆಡಿಮೇಡ್ ಕಾರ್ಡಿನ ಬೆಲೆಯ ಮೂರನೇ ಒಂದು ಪಾಲಿನ ಆಸುಪಾಸು. ಇದಕ್ಕಿಂತ ಹೆಚ್ಚು ದುಡ್ಡು ಹೋದದ್ದು ಅದಕ್ಕೂ ಮುಂಚೆ, ರೋಗ ಒಂದು ಕಡೆ, ಮದ್ದು ಇನ್ನೊಂದು ಕಡೆ ಎಂಬಂತೆ ಕೊಂಡ ಫೆರೈಟ್ ಉಂಗುರ, ಹೊಸ ಕಪ್ಲಿಂಗ್, ದಪ್ಪ ಯುಎಸ್‌ಬಿ ಕೇಬಲ್‌ಗಳಿಗೆ. ಬೋರ್ಡಿನ ಮೇಲೆ ಅತಿ ಮುಖ್ಯ ಕೆಲಸ ಮಾಡುವ ಎರಡು ಐಸಿಗಳ ಬೆಲೆ ಒಂದು ಒಳ್ಳೆಯ ಎಂಡ್‌ಮಿಲ್‌ಗಿಂತ ಕಡಿಮೆ.

ಮೊದಲಿದ್ದ ಆರ್ಡುಯಿನೋ ಊನೋ ಮೇಲಿನ ಜಿಆರ್‌ಬಿಎಲ್ (ಜಿ-ಕೋಡ್ ಸಾಲು ಓದಿ ಮೋಟಾರ್ ಓಡಿಸುವ ಫರ್ಮ್‌ವೇರ್) ಯಾಕೆ ಸಾಲಲಿಲ್ಲ? ಪಲ್ಸ್ ವೇಗ ಸಾಲದು ಅಂತ ಎಲ್ಲರೂ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. 30 ಕಿಲೋಹರ್ಟ್ಸ್ ಅನ್ನು 320ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 94 ಮಿಮೀ, ನಿಮಿಷಕ್ಕೆ 5600. ಆ ವೇಗದಲ್ಲಿ ಸ್ಕ್ರೂ 1100 ಆರ್‌ಪಿಎಂ ದಾಟಿರುತ್ತದೆ, ನೆಮಾ 23ರ ಟಾರ್ಕ್ ಅಷ್ಟು ಹೊತ್ತಿಗೆ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. ನಿಜವಾದ ಅಡ್ಡಿ ಪ್ಲಾನರ್ ಬಫರ್, ಅಂದರೆ ಮುಂದಿನ ಚಲನೆಗಳನ್ನು ಮೊದಲೇ ಲೆಕ್ಕ ಹಾಕಿ ಇಟ್ಟುಕೊಳ್ಳುವ ಜಾಗ. ಊನೋದಲ್ಲಿ 16 ಬ್ಲಾಕ್. ರಿಲೀಫ್ ಕೆತ್ತನೆಯಲ್ಲಿ ಒಂದೊಂದು ತುಂಡು 0.1 ಮಿಮೀ ಇದ್ದರೆ ಕಂಟ್ರೋಲರ್‌ಗೆ ಮುಂದೆ ಕಾಣುವುದು 1.6 ಮಿಮೀ ಮಾತ್ರ. ಅಷ್ಟರೊಳಗೆ ನಿಲ್ಲಲು ಆಗುವ ವೇಗದಲ್ಲೇ ಅದು ಓಡಬೇಕು. ಆಕ್ಸಿಲರೇಷನ್ 300 ಇಟ್ಟರೆ ಆ ವೇಗ ನಿಮಿಷಕ್ಕೆ 1860 ಮಿಮೀ ಆಸುಪಾಸು. ಎಫ್ (ಫೀಡ್ ವೇಗ) 3000 ಅಂತ ಬರೆದರೂ ಓಡುವುದು ಅಷ್ಟೇ. ಒಂದು ವೇಳೆ 3000ದಲ್ಲಿ ಓಡಿದರೂ ಸೆಕೆಂಡಿಗೆ 500 ಸಾಲು ಬೇಕು. ಸಾಲಿಗೆ 23 ಅಕ್ಷರ ಹಿಡಿದರೆ 115200 ಬಾಡ್ ಅಲ್ಲಿಗೆ ಖಾಲಿ. ಟೀನ್ಸಿಯಲ್ಲಿ ಜಿಆರ್‌ಬಿಎಲ್-ಹ್ಯಾಲ್ (ಅದೇ ಫರ್ಮ್‌ವೇರಿನ 32-ಬಿಟ್ ರೂಪ) ಹಾಕಿ $398 ಸೆಟ್ಟಿಂಗಿನಲ್ಲಿ 100 ಬ್ಲಾಕ್ ಕೊಟ್ಟರೆ ಮುಂದಿನ 10 ಮಿಮೀ ಕಾಣುತ್ತದೆ, ಅದೇ ಆಕ್ಸಿಲರೇಷನ್‌ನಲ್ಲಿ 4600ರವರೆಗೆ ದಾರಿ ತೆರೆಯುತ್ತದೆ. ಅದೇ ಫೈಲ್, ಅದೇ ಮೋಟಾರ್, ಕೆಲಸ ಮುಗಿಯುವ ಸಮಯ ಬಹಳಷ್ಟು ಕಡಿಮೆ.

ಆದರೆ ಕಂಟ್ರೋಲರ್ ಬದಲಾಯಿಸಲೇಬೇಕು ಎನಿಸಿದ್ದು ಝಡ್ ಜಾರುವಿಕೆಯಿಂದ. ಉದ್ದದ ಕೆಲಸದಲ್ಲಿ ಝಡ್ ಮೆಲ್ಲಮೆಲ್ಲಗೆ ಒಂದೇ ದಿಕ್ಕಿಗೆ ಸರಿಯುತ್ತದೆ. ನಾಯ್ಸ್ ಎನ್ನುವವರಿದ್ದಾರೆ, ಆಕ್ಸಿಲರೇಷನ್ ಜಾಸ್ತಿ ಎನ್ನುವವರಿದ್ದಾರೆ, ಕಪ್ಲಿಂಗ್ ಜಾರುತ್ತಿದೆ ಎನ್ನುವವರೂ ಇದ್ದಾರೆ. ಇವನ್ನು ಬೇರೆ ಮಾಡಿ ನೋಡುವುದು ಸುಲಭ. ಮೋಟಾರ್ ತಡವರಿಸಿ ಸ್ಟೆಪ್ ಬಿಟ್ಟರೆ ನಾಲ್ಕು ಪೂರ್ಣ ಸ್ಟೆಪ್‌ಗಳ ಲೆಕ್ಕದಲ್ಲೇ ಬಿಡುತ್ತದೆ. ಈ ಮಷೀನಿನಲ್ಲಿ ಅದು 32 ಮೈಕ್ರೋಸ್ಟೆಪ್, ಅಂದರೆ 0.1 ಮಿಮೀ. ವ್ಯತ್ಯಾಸ 0.1, 0.2, 0.3 ಹೀಗೆ ಬಂದರೆ ದೋಷ ಟಾರ್ಕಿನದು. ಒಂದೊಂದು ಸಲ ಒಂದೊಂದು ಥರ ಬಂದರೆ ನಾಯ್ಸ್ ಅಥವಾ ಕಪ್ಲಿಂಗ್. ದಿಕ್ಕು ಬದಲಾದ ಸಂಖ್ಯೆಗೆ ಸರಿಯಾಗಿ ಏರುತ್ತಾ ಹೋದರೆ ಅದು ಡಿಐಆರ್ (ದಿಕ್ಕು ಹೇಳುವ ಸಿಗ್ನಲ್) ಟೈಮಿಂಗ್.

ಪರೀಕ್ಷೆ ಹೀಗೆ: ಸ್ಪಿಂಡಲ್ ಆಫ್, ಝಡ್ ಕೆಳಗೆ ಡಯಲ್ ಗೇಜ್, ಮೇಲೆ ಕೆಳಗೆ 0.5 ಮಿಮೀ ಓಡಾಟ 160 ಸಲ. ಹೆಚ್ಚುಕಡಿಮೆ 1 ಮಿಮೀ ಜಾರಿದರೆ ಕಾರಣ ಸಿಕ್ಕಂತೆ. ಡಿಎಂ542ಗೆ ಪಲ್ಸ್ ಬರುವ 5 ಮೈಕ್ರೋಸೆಕೆಂಡ್ ಮುಂಚೆಯೇ ಡಿಐಆರ್ ಬದಲಾಗಿರಬೇಕು. ಊನೋದ ಜಿಆರ್‌ಬಿಎಲ್ ಈ ಎರಡನ್ನೂ ಬೆನ್ನುಬೆನ್ನಿಗೇ ಕಳಿಸುತ್ತದೆ. ಕೆಲವು ಅಗ್ಗದ ಡ್ರೈವ್‌ಗಳ ಡಿಐಆರ್ ಆಪ್ಟೋ ಆನ್ ಆಗುವುದು ಬೇಗ, ಆಫ್ ಆಗುವುದು ತಡ. ಎರಡೂ ಕಡೆ ಒಂದೇ ಥರ ತಡವಾಗಿದ್ದರೆ ತಪ್ಪಿಗೆ ತಪ್ಪು ವಜಾ ಆಗಿ ಬ್ಯಾಕ್‌ಲ್ಯಾಶ್ ಥರ ಕಾಣುತ್ತಿತ್ತು ಅಷ್ಟೆ. ಒಂದೇ ಕಡೆ ತಡವಾಗುವುದರಿಂದ ಪ್ರತಿ ಸುತ್ತಿನಲ್ಲಿ ಒಂದು ಪಲ್ಸ್ ಉಲ್ಟಾ ಹೋಗುತ್ತದೆ. ಹೋಗಬೇಕಾದ್ದು ಹೋಗಲಿಲ್ಲ, ಹೋಗಬಾರದ್ದು ಹೋಯಿತು, ಹೀಗೆ ಎರಡು ಮೈಕ್ರೋಸ್ಟೆಪ್, 0.00625 ಮಿಮೀ. 160 ಸುತ್ತಿಗೆ 1 ಮಿಮೀ. ಊನೋದಲ್ಲೇ ಫರ್ಮ್‌ವೇರ್ ಫೈಲಿನಲ್ಲಿ ಪಲ್ಸ್ ಡಿಲೇ ತೆರೆದು ಮತ್ತೆ ಕಂಪೈಲ್ ಮಾಡಬಹುದು, ಆದರೆ ಅದು ಪ್ರತಿ ಪಲ್ಸ್‌ಗೂ ಇನ್ನೊಂದು ಇಂಟರಪ್ಟ್ ತಿನ್ನುತ್ತದೆ. ಜಿಆರ್‌ಬಿಎಲ್-ಹ್ಯಾಲ್‌ನಲ್ಲಿ $29ಕ್ಕೆ (ಡಿಐಆರ್ ಆದ ಮೇಲೆ ಪಲ್ಸ್ ಕಾಯುವ ಸಮಯ) 6 ಮೈಕ್ರೋಸೆಕೆಂಡ್ ಕೊಟ್ಟೆ, $0ಗೆ (ಪಲ್ಸಿನ ಅಗಲ) 5. ಮುಗಿಯಿತು. 160 ಸುತ್ತಾದ ಮೇಲೂ ಮುಳ್ಳು ಇದ್ದಲ್ಲೇ.

ಈಗ ಬೋರ್ಡಿಗೆ ಬರೋಣ. ಟೀನ್ಸಿ ಪಿನ್ 3.3 ವೋಲ್ಟ್, 5 ವೋಲ್ಟ್ ತಾಗಿದರೆ ಸತ್ತಂತೆ. 3.3ರಿಂದ ನೇರವಾಗಿ ಡ್ರೈವ್ ಆಪ್ಟೋ ಉರಿಸಲು ಹೋಗಬೇಡಿ. ಮೇಜಿನ ಮೇಲೆ ನಡೆದದ್ದು ಪ್ಯಾನೆಲ್ ಒಳಗೆ ನಡೆಯುವುದಿಲ್ಲ. ನಡುವೆ 74ಎಚ್‌ಸಿ245 ಬಫರ್ ಐಸಿ ಹಾಕುವವರಿದ್ದಾರೆ, ಅದು 5 ವೋಲ್ಟಿನಲ್ಲಿ ಓಡುವಾಗ 3.5 ವೋಲ್ಟ್ ಬಂದರಷ್ಟೇ ಹೈ ಎಂದು ಒಪ್ಪುತ್ತದೆ. ಎಚ್‌ಸಿಟಿ ಆದರೆ 2 ವೋಲ್ಟ್ ಸಾಕು. ಆದರೆ ಎಚ್‌ಸಿಟಿಯ ಔಟ್‌ಪುಟ್‌ಗೆ ಹೇಳಿರುವ ಕರೆಂಟ್ 6 ಮಿಲಿಆಂಪ್, ಡ್ರೈವ್ ಕೇಳುವುದು ಕನಿಷ್ಠ 7.

ನಾನು ಹಾಕಿದ್ದು ಎಎಂ26ಸಿ31 ಲೈನ್ ಡ್ರೈವರ್ ಐಸಿ. ಒಂದು ಐಸಿಯಲ್ಲಿ ನಾಲ್ಕು ಡಿಫರೆನ್ಷಿಯಲ್ ಜೋಡಿ, ಎರಡು ಐಸಿಯಲ್ಲಿ ಎಂಟು, ನಾಲ್ಕು ಡ್ರೈವ್‌ಗಳ ಪಲ್ಸ್ ಮತ್ತು ಡಿಐಆರ್‌ಗೆ ಸರಿಯಾಗಿ ಸಾಕು. 3.3 ವೋಲ್ಟ್ ಇನ್‌ಪುಟ್ ಒಪ್ಪುತ್ತದೆ, 20 ಮಿಲಿಆಂಪ್ ಕೊಡುತ್ತದೆ. ಮೀಟರಿನಲ್ಲಿ ನೋಡಿದಾಗ ಆಪ್ಟೋದಲ್ಲಿ ಸುಮಾರು 9 ಮಿಲಿಆಂಪ್ ಹರಿಯುತ್ತಿತ್ತು. ಪ್ರತಿ ಜೋಡಿಗೂ ತಿರುಚಿದ ವೈರ್. ಡ್ರೈವಿನ ಪಕ್ಕದಲ್ಲಿ 5/24 ವೋಲ್ಟ್ ಸ್ವಿಚ್ ಇದ್ದರೆ ಅದನ್ನು 5ಕ್ಕೆ ಹಾಕಲೇಬೇಕು, 24ರಲ್ಲೇ ಬಿಟ್ಟರೆ ಮೋಟಾರ್ ಮಿಸುಕುವುದಿಲ್ಲ.

ಈ ಐಸಿಯ 4 ಮತ್ತು 12ನೇ ಪಿನ್ ಬಗ್ಗೆ ಸ್ವಲ್ಪ ನಿಧಾನವಾಗಿ ಓದಿ. 4 ಹೈ ಇದ್ದರೂ ಔಟ್‌ಪುಟ್ ಆನ್, 12 ಲೋ ಇದ್ದರೂ ಆನ್. ಎರಡರಲ್ಲಿ ಒಂದು ಸಾಕು. ಬಳಸದ ಪಿನ್ ಅಂತ 12ನ್ನು ಗ್ರೌಂಡ್‌ಗೆ ಕಟ್ಟಿದರೆ 4ರಿಂದ ಏನು ಮಾಡಿದರೂ ಔಟ್‌ಪುಟ್ ಆಫ್ ಆಗುವುದಿಲ್ಲ. 12 ಅನ್ನು 5 ವೋಲ್ಟಿಗೆ ಕಟ್ಟಿ, 4ಕ್ಕೆ 10ಕೆ ಪುಲ್‌ಡೌನ್ ಕೊಟ್ಟು, ಎಮರ್ಜೆನ್ಸಿ ಬಟನ್ನಿನ 24 ವೋಲ್ಟ್ ಲೈನ್ ಒಂದು ಆಪ್ಟೋ ಮೂಲಕ ಅದನ್ನು ಎತ್ತುವಂತೆ ಮಾಡಿದ್ದೇನೆ. ಬಟನ್ ಒತ್ತಿದರೆ ಸಾಫ್ಟ್‌ವೇರ್ ಕೇಳದೆಯೇ ಪಲ್ಸ್ ನಿಲ್ಲುತ್ತದೆ, ಡ್ರೈವ್‌ಗಳಿಗೆ ಪವರ್ ಇರುವುದರಿಂದ ಝಡ್ ಕೆಳಗೆ ಬೀಳುವುದಿಲ್ಲ. ಸ್ಪಿಂಡಲ್ ನಿಲ್ಲಿಸಲು ಅದೇ ಬಟನ್ನಿನ ಇನ್ನೊಂದು ಕಾಂಟ್ಯಾಕ್ಟ್ ವಿಎಫ್‌ಡಿಯ ಸ್ಟಾಪ್ ಟರ್ಮಿನಲ್‌ಗೆ. ಕೈ ಹಾಕುವ ಮುಂಚೆ ಮೈನ್ ಆಫ್ ಮಾಡುವುದು ಇದೆಲ್ಲದರ ಆಚೆಗಿನ ಮಾತು, ಅದಕ್ಕೆ ಬದಲಿ ಇಲ್ಲ. ಎಂಟು ಇನ್‌ಪುಟ್‌ಗಳಿಗೂ ಒಂದೊಂದು 10ಕೆ ಪುಲ್‌ಡೌನ್ ಹಾಕಿ, ಇಲ್ಲದಿದ್ದರೆ ಟೀನ್ಸಿ ಬೂಟ್ ಆಗುವಷ್ಟು ಹೊತ್ತು ಪಿನ್‌ಗಳು ತೇಲಾಡಿ ಮೋಟಾರ್ ಸಣ್ಣಗೆ ಜಿಗಿಯುತ್ತದೆ.

ಲಿಮಿಟ್‌ಗೆ ಎಲ್‌ಜೆ12ಎ3 ಇಂಡಕ್ಟಿವ್ ಸೆನ್ಸರ್, ಎನ್‌ಪಿಎನ್, ನಾರ್ಮಲಿ ಕ್ಲೋಸ್ಡ್ ಮಾದರಿ. ಹೆಸರಿನ ಕೊನೆಗೆ ಝಡ್/ಎಎಕ್ಸ್ ಇರುವುದು. ಬಿಎಕ್ಸ್ (ನಾರ್ಮಲಿ ಓಪನ್) ತಂದರೆ ವೈರ್ ತುಂಡಾದರೂ ಗೊತ್ತಾಗುವುದಿಲ್ಲ. ಎಲ್ಲವೂ 24 ವೋಲ್ಟಿನಲ್ಲಿ, ಪಿಸಿ817 ಆಪ್ಟೋ ಮೂಲಕ ಒಳಗೆ. ಇಲ್ಲಿ ನಿಧಾನದ ಆಪ್ಟೋ ತೊಂದರೆಯಿಲ್ಲ. ಸರಣಿ ರೆಸಿಸ್ಟರ್ 2.2ಕೆ ಹಾಕಿದರೆ 10 ಮಿಲಿಆಂಪ್ ಹರಿದು ಕಾಲು ವ್ಯಾಟಿನ ಹತ್ತಿರ ಬಿಸಿಯಾಗುತ್ತದೆ, ಕಾಲು ವ್ಯಾಟಿನ ರೆಸಿಸ್ಟರ್ ಕಪ್ಪಾಗುತ್ತದೆ. ಅರ್ಧ ವ್ಯಾಟಿನದು ಹಾಕಿ, ಅಥವಾ 3.3ಕೆ ಹಾಕಿ. ಲಾಜಿಕ್ ಕಡೆ 10ಕೆ ಮತ್ತು 100 ನ್ಯಾನೋಫ್ಯಾರಡ್, ಸುಮಾರು 1 ಮಿಲಿಸೆಕೆಂಡ್ ಫಿಲ್ಟರ್. ಹೋಮಿಂಗ್ (ಸೆನ್ಸರ್ ಹುಡುಕಿ ಸೊನ್ನೆ ಹಿಡಿಯುವುದು) ನಿಧಾನದ ಸುತ್ತು ನಿಮಿಷಕ್ಕೆ 100 ಮಿಮೀ ಇದ್ದರೆ ಆ ತಡದಿಂದ ಆಗುವ ವ್ಯತ್ಯಾಸ 0.002 ಮಿಮೀ ಕೂಡ ಇಲ್ಲ. ಪ್ರೋಬ್ ಇನ್‌ಪುಟ್‌ಗೆ ಮಾತ್ರ ಬೇರೆ ಸರ್ಕ್ಯೂಟ್ ಕಟ್ಟಿದ್ದೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಯುಎಸ್‌ಬಿ ಕಡಿದುಹೋಗುವ ಕಾಟ ಎಲ್ಲರಿಗೂ ಗೊತ್ತು. ಸ್ಪಿಂಡಲ್ ಆನ್ ಆದ ತಕ್ಷಣ, ಇಲ್ಲವೇ ಕೆಲಸ ಮುಗಿಯುವ ಹೊತ್ತಿಗೆ. ಫೆರೈಟ್‌ನಿಂದ ಕಡಿಮೆಯಾಯಿತು, ಹೋಗಲಿಲ್ಲ. ಎಡಿಯುಎಂ3160 ಐಸೊಲೇಟರ್‌ನಿಂದ ಬಹಳಷ್ಟು ಹೋಯಿತು, ಆದರೆ ಈಥರ್ನೆಟ್ ಇರುವಾಗ ಅದಕ್ಕೆ ಯಾಕೆ ದುಡ್ಡು? ಟೀನ್ಸಿ 4.1ರಲ್ಲಿ ಈಥರ್ನೆಟ್ ಚಿಪ್ ಬೋರ್ಡಿನ ಮೇಲೇ ಇದೆ, ಟ್ರಾನ್ಸ್‌ಫಾರ್ಮರ್ ಒಳಗಿರುವ ಜಾಕ್ ಒಂದನ್ನು ಆರು ಪಿನ್ನಿಗೆ ಜೋಡಿಸಿದರೆ ಆಯಿತು. ಆ ಟ್ರಾನ್ಸ್‌ಫಾರ್ಮರೇ ಐಸೊಲೇಷನ್ ಕೊಡುತ್ತದೆ. ಕೇಬಲ್ ಶೀಲ್ಡ್ ಇಲ್ಲದ ಯುಟಿಪಿಯೇ ಇರಲಿ. ಶೀಲ್ಡ್ ಇರುವುದು ಹಾಕಿದರೆ ಕಂಪ್ಯೂಟರಿನ ಗ್ರೌಂಡೂ ಪ್ಯಾನೆಲ್ಲಿನ ಗ್ರೌಂಡೂ ಮತ್ತೆ ಒಂದಾಗಿ ಮಾಡಿದ್ದೆಲ್ಲ ದಂಡ. ಸ್ಥಿರ ಐಪಿ ಕೊಡಿ, ಕಂಪ್ಯೂಟರಿನ ಐಒಸೆಂಡರ್ ಸಾಫ್ಟ್‌ವೇರಿನಿಂದ ನೇರ ಕನೆಕ್ಟ್ ಆಗುತ್ತದೆ.

ಬೋರ್ಡಿನ 5 ವೋಲ್ಟ್ ಐಸೊಲೇಟೆಡ್ ಡಿಸಿ-ಡಿಸಿ ಕನ್ವರ್ಟರಿಂದ. ಅದಕ್ಕೂ ಮುಂಚೆ ಟೀನ್ಸಿಯ ಬೆನ್ನಿನಲ್ಲಿ ವಿಯುಎಸ್‌ಬಿ ಮತ್ತು ವಿಐಎನ್ ನಡುವಿನ ಸಣ್ಣ ಟ್ರ್ಯಾಕನ್ನು ಬ್ಲೇಡಿನಿಂದ ಕತ್ತರಿಸಿ. ಮರೆತರೆ ಪ್ರೋಗ್ರಾಮ್ ಮಾಡಲು ಯುಎಸ್‌ಬಿ ಹಾಕಿದ ಗಳಿಗೆಯಲ್ಲಿ ಎರಡು ಸಪ್ಲೈ ಒಂದಕ್ಕೊಂದು ತಾಗುತ್ತವೆ.

ಸ್ಪಿಂಡಲ್ ವೇಗಕ್ಕೆ ಮೊದಲು ಪಿಡಬ್ಲ್ಯುಎಂ, ಆರ್‌ಸಿ ಫಿಲ್ಟರ್, ಎಲ್‌ಎಂ358 ಮೂರು ಪಟ್ಟು ಗೇನ್, 0-10 ವೋಲ್ಟ್. ಓಡುತ್ತದೆ, ಆದರೆ 12000 ಕೇಳಿದರೆ ನಾನೂರು ಆರ್‌ಪಿಎಂ ಆಚೀಚೆ, ಅದೂ ವಿಎಫ್‌ಡಿ ಬಿಸಿಯಾದ ಹಾಗೆ ಬದಲಾಗುತ್ತದೆ. ಆರ್‌ಎಸ್485ಗೆ (ವೇಗವನ್ನು ಸಂಖ್ಯೆಯಾಗಿಯೇ ಕಳಿಸುವ ಸೀರಿಯಲ್ ಲೈನ್) ಹೋದ ಮೇಲೆ ಕೇಳಿದ್ದೇ ಬರುತ್ತದೆ. ಮ್ಯಾಕ್ಸ್485 ಮಾಡ್ಯೂಲ್ ಹಾಕಬೇಡಿ, ಅದರ ಔಟ್‌ಪುಟ್ 5 ವೋಲ್ಟ್, 3.3ರಲ್ಲಿ ಓಡುವ ಮ್ಯಾಕ್ಸ್3485 ಬೇಕು. ಹುವಾನ್‌ಯಾಂಗ್ ಮಾದರಿಯ ವಿಎಫ್‌ಡಿಯ ಸೆಟ್ಟಿಂಗ್‌ಗಳಲ್ಲಿ ಪಿಡಿ001 ಮತ್ತು ಪಿಡಿ002 ಎರಡಕ್ಕೂ 2, ಪಿಡಿ163ಕ್ಕೆ 1, ಪಿಡಿ164ಕ್ಕೆ 1 ಅಂದರೆ 9600 ಬಾಡ್, ಪಿಡಿ165ಕ್ಕೆ 3. ಅದರ ಪ್ರೋಟೋಕಾಲ್ ಮಾಮೂಲಿ ಮಾಡ್‌ಬಸ್ ಅಲ್ಲ, ಫರ್ಮ್‌ವೇರ್ ಕಂಪೈಲ್ ಮಾಡುವಾಗ ಆ ಹೆಸರಿನದನ್ನೇ ಆರಿಸಿ. ಸ್ಪಿಂಡಲ್ ಕೇಬಲ್ ಶೀಲ್ಡ್ ಇರುವುದೇ ಆಗಬೇಕು, ಸಿಗ್ನಲ್ ವೈರ್‌ಗಳಿಂದ ಒಂದು ಗೇಣು ದೂರ, ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಲಿ.

ನಡುವೆ ಇಎಸ್‌ಪಿ32 ಮೇಲೆ ಫ್ಲೂಯಿಡ್‌ಎನ್‌ಸಿ ಎಂಬ ಇನ್ನೊಂದು ಫರ್ಮ್‌ವೇರನ್ನೂ ಓಡಿಸಿ ನೋಡಿದ್ದೇನೆ. ಬೆಲೆ ಟೀನ್ಸಿಗಿಂತ ಎಷ್ಟೋ ಕಡಿಮೆ, ಚಿಕ್ಕ ಮಷೀನಿಗೆ ಇದೇ ಸಾಕು, ವೆಬ್ ಪುಟದಿಂದಲೇ ಫೈಲ್ ಹಾಕಬಹುದು. ಪಿನ್‌ಗಳದ್ದೇ ತಲೆನೋವು. 6ರಿಂದ 11 ಫ್ಲಾಶ್ ಚಿಪ್ಪಿಗೆ ಹೋದವು. 34ರಿಂದ 39 ಇನ್‌ಪುಟ್ ಮಾತ್ರ, ಒಳಗೆ ಪುಲ್‌ಅಪ್ ಕೂಡ ಇಲ್ಲ. 12ನೇ ಪಿನ್ ಬೂಟ್ ಹೊತ್ತಿಗೆ ಹೈ ಇದ್ದರೆ ಬೋರ್ಡ್ ಏಳುವುದೇ ಇಲ್ಲ. ನಾಲ್ಕು ಡ್ರೈವ್, ಐದು ಸೆನ್ಸರ್, ಆರ್‌ಎಸ್485 ಎಲ್ಲ ಸೇರಿಸಲು ಶಿಫ್ಟ್ ರಿಜಿಸ್ಟರ್ ಹಾಕಬೇಕಾಗುತ್ತದೆ, ಅಲ್ಲಿಗೆ ಉಳಿಸಿದ ದುಡ್ಡು ಕೆಲಸಕ್ಕೆ ಹೋಯಿತು.

ಗ್ಯಾಂಟ್ರಿ ನೇರ ಮಾಡುವುದು ಕೊನೆಯ ಕೆಲಸ. ವೈ ಅಕ್ಷದ ಎರಡು ಮೋಟಾರಿಗೂ ಬೇರೆ ಬೇರೆ ಸೆನ್ಸರ್, ಎದುರುಬದುರು ತಿರುಗುವಂತಿದ್ದರೆ $8ರಲ್ಲಿ ಎರಡನೆಯದನ್ನು ಉಲ್ಟಾ ಮಾಡಿ. ಆಮೇಲೆ ಎಕ್ಸ್‌ನಲ್ಲಿ 600, ವೈನಲ್ಲಿ 800 ಅಂತರದಲ್ಲಿ ನಾಲ್ಕು ತೂತು ಕೊರೆದು ಎರಡೂ ಕರ್ಣ ಅಳೆಯಿರಿ. ಎರಡೂ 1000 ಬಂದರೆ ಸರಿ. ವ್ಯತ್ಯಾಸವನ್ನು 1.6ರಿಂದ ಭಾಗಿಸಿದರೆ 600 ಮಿಮೀ ಅಗಲಕ್ಕೆ ಗ್ಯಾಂಟ್ರಿ ಎಷ್ಟು ಓರೆ ಎಂದು ಸಿಗುತ್ತದೆ. ವ್ಯತ್ಯಾಸ 0.8 ಬಂದರೆ ಓರೆ 0.5. ಸ್ಕ್ರೂಗಳ ನಡುವೆ 900 ಇದ್ದರೆ ಅದು 0.75, ಅದನ್ನೇ $171ಕ್ಕೆ ಬರೆಯುವುದು. ಚಿಹ್ನೆ ಪ್ಲಸ್ಸೋ ಮೈನಸ್ಸೋ ಎಂದು ತಲೆ ಕೆಡಿಸಿಕೊಳ್ಳುವ ಬದಲು ಒಂದು ಹಾಕಿ ಮತ್ತೆ ಕೊರೆಯಿರಿ, ವ್ಯತ್ಯಾಸ ದುಪ್ಪಟ್ಟಾದರೆ ಇನ್ನೊಂದು. ಇಂಡಕ್ಟಿವ್ ಸೆನ್ಸರ್ ಚಳಿಯಲ್ಲಿ ಬಿಸಿಯಲ್ಲಿ ಸ್ವಲ್ಪ ಬದಲಾಗುತ್ತದೆ, ಹಾಗಾಗಿ ಮಷೀನ್ ಒಂದಷ್ಟು ಹೊತ್ತು ಓಡಿದ ಮೇಲೆ ಅಳೆಯಿರಿ.

ಈಗ ಮುಂದಿನ ಕೆಲಸ ಝಡ್‌ಗೆ ಕ್ಲೋಸ್ಡ್ ಲೂಪ್ ಡ್ರೈವ್ ಹಾಕುವುದು. ಅದರ ಅಲಾರಂ ಔಟ್‌ಪುಟ್ ಓಪನ್ ಕಲೆಕ್ಟರ್, ಮೇಲೆ ಹೇಳಿದ 4ನೇ ಪಿನ್ನಿನ ಆಪ್ಟೋ ಸಾಲಿನಲ್ಲೇ ಸೇರಿಸಿದರೆ ಬೋರ್ಡಿಗೆ ಒಂದೇ ಒಂದು ಬೆಸುಗೆ ಹೆಚ್ಚು.