ಆಟೋಕ್ಲೇವ್‌ನಲ್ಲಿ ಮೊದಲು ಗಾಳಿ ಹೊರಗೆ ಹೋಗಲಿ

ಸಣ್ಣ ಕ್ಲಿನಿಕ್‌ಗಳಲ್ಲಿರುವ ಕರೆಂಟಿನ ಆಟೋಕ್ಲೇವ್, ಅಂದರೆ ಹಬೆಯಿಂದ ಉಪಕರಣಗಳ ಕ್ರಿಮಿ ಕೊಲ್ಲುವ ಯಂತ್ರ, ಬಳಸುವವರಿಗೆ ಇದು.

ಮೊದಲು ತೊಳೆಯಿರಿ. ರಕ್ತ ಅಂಟಿದ ಆರ್ಟರಿ ಫೋರ್ಸೆಪ್ಸನ್ನು (ರಕ್ತನಾಳ ಹಿಡಿಯುವ ಚಿಮುಟ) ಬಿಸಿನೀರಿಗೆ ಹಾಕಬೇಡಿ, ರಕ್ತ ಗಟ್ಟಿಯಾಗಿ ಹಲ್ಲುಗಳ ಸಂದಿಯಲ್ಲಿ ಕೂತುಬಿಡುತ್ತದೆ. ತಣ್ಣೀರು, ಸೋಪಿನ ದ್ರಾವಣ, ಬ್ರಷ್ ಸಾಕು. ಕೀಲಿನ ಹತ್ತಿರ ಉಜ್ಜಿ, ತೊಳೆದು, ಒರೆಸಿ, ಬಾಯಿ ತೆರೆದೇ ಇಡಿ. ಕೊಳೆಯ ಕೆಳಗಿರುವ ಕ್ರಿಮಿಗೆ ಹಬೆ ತಾಗುವುದೇ ಇಲ್ಲ.

ಆಮೇಲೆ ಎರಡು ಪದರ ಬಟ್ಟೆಯಲ್ಲಿ ಸುತ್ತಿ, ಇಲ್ಲವೇ ಡ್ರಮ್ಮಿಗೆ (ಪಕ್ಕದಲ್ಲಿ ತೂತುಗಳಿರುವ ಸ್ಟೀಲ್ ಡಬ್ಬಿ) ಹಾಕಿ. ಡ್ರಮ್ಮಿನ ತೂತುಗಳು ತೆರೆದಿರಬೇಕು. ಒತ್ತಿ ತುಂಬಬೇಡಿ. ಬಟ್ಟಲುಗಳನ್ನು ಮೇಲ್ಮುಖವಾಗಿ ಇಟ್ಟರೆ ಒಳಗೆ ಗಾಳಿ ನಿಂತುಬಿಡುತ್ತದೆ, ಓರೆಯಾಗಿ ಇಡಿ. ತಳದಲ್ಲಿ ಕಾಯಿಲ್ ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಇರಲಿ.

ಜಾಸ್ತಿ ಜನ ಎಡವುವುದು ಮುಂದಿನ ಹಂತದಲ್ಲೇ. ಮನೇಲಿ ಕುಕ್ಕರಿಗೆ ಹಬೆ ಬಂದ ಮೇಲೆ ತಾನೇ ವೆಯ್ಟ್ ಹಾಕೋದು? ಇಲ್ಲೂ ಅಷ್ಟೇ, ಒಳಗಿನ ಗಾಳಿ ಹೋಗಿ ವಾಲ್ವಿನಿಂದ ಹಬೆ ಒಂದೇ ಸಮ ಬರುವವರೆಗೆ ಅದನ್ನು ತೆರೆದೇ ಬಿಟ್ಟು, ಆಮೇಲೆ ಮುಚ್ಚಿ. ಕೊಲ್ಲುವುದು ಒತ್ತಡ ಅಲ್ಲ, ಹಬೆ. ತಣ್ಣಗಿನ ಸ್ಟೀಲಿಗೆ ತಾಗಿದ ಹಬೆ ನೀರಾಗುತ್ತಾ ತನ್ನ ಶಾಖವನ್ನೆಲ್ಲ ಅಲ್ಲೇ ಸುರಿದು, ಕ್ರಿಮಿಯ ಪ್ರೋಟೀನನ್ನು ಹೆಪ್ಪುಗಟ್ಟಿಸುತ್ತದೆ. ಒಣ ಶಾಖದ ಓವನ್ನಿಗೆ ಇದೇ ಕೆಲಸಕ್ಕೆ 160 ಡಿಗ್ರಿಯಲ್ಲಿ ಎರಡು ಗಂಟೆ ಬೇಕು! ಅರ್ಧ ಗಾಳಿ ಒಳಗೇ ಉಳಿದರೆ ಗೇಜ್ 15 ಪೌಂಡ್ ಒತ್ತಡ ತೋರಿಸಿದರೂ ಒಳಗಿನ ತಾಪ ಸುಮಾರು 112 ಡಿಗ್ರಿ ಮಾತ್ರ.

ಹಾಗಾಗಿ ಥರ್ಮಾಮೀಟರ್ ನೋಡಿ. ಅದರಲ್ಲೂ ಬೆಂಗಳೂರಿನಂಥ ಎತ್ತರದ ಊರಲ್ಲಿ ಗಾಳಿ ಪೂರ್ತಿ ಹೋಗಿದ್ದರೂ 15 ಪೌಂಡಿಗೆ, ಬೇಕಾದ 121 ಡಿಗ್ರಿಗಿಂತ ಒಂದೆರಡು ಡಿಗ್ರಿ ಕಮ್ಮಿಯೇ ಬರುತ್ತದೆ. ಸುಮ್ನೆ ಕುದಿಸಿದರೆ ಸಾಲದೇ ಅಂತ ಕೇಳುವವರಿಗೆ: ಅಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ಆ ಶಾಖಕ್ಕೆ ಬ್ಯಾಕ್ಟೀರಿಯಾದ ಸ್ಪೋರ್‌ಗಳು (ಗಟ್ಟಿ ಕವಚದೊಳಗೆ ಮಲಗಿರುವ ರೂಪ) ಜಗ್ಗುವುದಿಲ್ಲ.

121 ಮುಟ್ಟಿದ ಮೇಲೆಯೇ ಟೈಮ್ ಲೆಕ್ಕ. ಸುತ್ತಿದ ಪ್ಯಾಕ್‌ಗೆ 30 ನಿಮಿಷ ಕೊಡಿ. ಗೇಜ್ ಸೊನ್ನೆಗೆ ಇಳಿಯುವ ಮುಂಚೆ ಮುಚ್ಚಳಕ್ಕೆ ಕೈ ಹಾಕಲೇಬೇಡಿ.

ಪ್ಯಾಕಿಗೆ ಅಂಟಿಸುವ ಆಟೋಕ್ಲೇವ್ ಟೇಪಿನ ಮೇಲೆ ಕಪ್ಪು ಗೆರೆ ಬಂತು ಅಂದರೆ ಮುಗಿಯಿತು ಅಂತಲ್ಲ. ಪ್ಯಾಕ್ ಬಿಸಿ ಕಂಡಿದೆ ಅಂತ ಮಾತ್ರ ಅದು ಹೇಳುತ್ತದೆ. ಹಬೆ ಒಳಗೆ ತಲುಪಿತೇ ಅಂತ ಬಣ್ಣದಿಂದ ತೋರಿಸುವ ಇಂಡಿಕೇಟರ್ ಪಟ್ಟಿಯೊಂದನ್ನು ಪ್ಯಾಕ್ ಒಳಗೆ ಇಡಿ, ವಾರಕ್ಕೊಮ್ಮೆ ಸ್ಪೋರ್ ಟೆಸ್ಟ್ (ಸ್ಪೋರ್‌ಗಳು ನಿಜಕ್ಕೂ ಸತ್ತವೇ ಅಂತ ನೋಡುವ ಪರೀಕ್ಷೆ) ಮಾಡಿಸಿ.

ಡ್ರಮ್ ತೆಗೆದ ತಕ್ಷಣ ತೂತು ಮುಚ್ಚಿ. ಬಟ್ಟೆ ಒದ್ದೆ ಇದ್ದರೆ ಅದರ ಮೂಲಕ ಕ್ರಿಮಿ ಒಳಗೆ ಇಳಿಯುತ್ತದೆ, ಅಂಥ ಪ್ಯಾಕನ್ನು ಬಿಚ್ಚಿ, ಬೇರೆ ಒಣ ಬಟ್ಟೆಯಲ್ಲಿ ಸುತ್ತಿ, ಮತ್ತೆ ಹಾಕಿ.